ಪೇಟಿ ಹಿಡಿದ ಎಳೆಯರು: ಸಗರನಾಡಿನಲ್ಲಿ ಕೀಲಿಮಣೆ ವಾದನದ ಕಲಿಕೆ ಮತ್ತು ವೃತ್ತಿ

1

ಕರ್ನಾಟಕದ ಜನಪದ ವಾದ್ಯಗಳನ್ನು ಕುರಿತ ಅಧ್ಯಯನಗಳು ಸಾಮಾನ್ಯವಾಗಿ ತತ, ಸುಷಿರ, ಅವನದ್ಧ, ಘನ ಎಂಬ ಶಾಸ್ತ್ರೀಯ ವರ್ಗೀಕರಣವನ್ನು ಒಪ್ಪಿಕೊಂಡು ಮುಂದುವರಿಯುತ್ತವೆ. ಏಕತಾರಿ, ಚೌಡಿಕೆ, ಡೊಳ್ಳು, ಹಲಗೆ, ಶಹನಾಯಿ, ದಮ್ಮಡಿ, ತಾಳ ಮೊದಲಾದವುಗಳ ವಿವರ ಅಲ್ಲಿ ದೊರೆಯುತ್ತದೆ. ಆದರೆ ಸಗರನಾಡಿನ ಭಜನಾ ಮೇಳಗಳಲ್ಲಿ ಗಾಯಕನ ಪಕ್ಕದಲ್ಲಿಯೇ ಜಾಗ ಪಡೆದಿರುವ ಹಾರ್ಮೋನಿಯಂ ಈ ಪಟ್ಟಿಗಳಲ್ಲಿ ಕಾಣಿಸುವುದು ಅಪರೂಪ. ಪರದೇಶದಿಂದ ಬಂದದ್ದು, ಕಾರ್ಖಾನೆಯಲ್ಲಿ ತಯಾರಾದದ್ದು, ಹಣ ಕೊಟ್ಟು ಕೊಂಡದ್ದು ಎಂಬ ಕಾರಣಗಳಿಂದ ಅದು ಜಾನಪದದ ಹೊರಗೆ ಉಳಿಯಿತು. ರಾಗದ ಸೂಕ್ಷ್ಮಗಳನ್ನು ಹೊರಡಿಸಲಾರದು ಎಂಬ ಕಾರಣದಿಂದ ಶಾಸ್ತ್ರೀಯ ಸಂಗೀತದ ವಿದ್ವಾಂಸರೂ ಅದಕ್ಕೆ ಪಕ್ಕವಾದ್ಯದ ಸ್ಥಾನಕ್ಕಿಂತ ಹೆಚ್ಚಿನದನ್ನು ಕೊಡಲಿಲ್ಲ. ಹೀಗೆ ಎರಡೂ ಕಡೆಯಿಂದ ಹೊರಗುಳಿದ ವಾದ್ಯವೊಂದನ್ನು ನೆಚ್ಚಿಕೊಂಡು ಬದುಕು ಕಟ್ಟಿಕೊಳ್ಳಲು ಹೊರಟ ಎಳೆಯ ವಾದಕರು ಯಾರು, ಅವರು ಕಲಿಯುವುದು ಹೇಗೆ, ಕಲಿತದ್ದರಿಂದ ಅವರಿಗೆ ದಕ್ಕುವುದೇನು ಎಂಬ ಪ್ರಶ್ನೆಗಳನ್ನು ಪ್ರಸ್ತುತ ಪ್ರಬಂಧ ಕೈಗೆತ್ತಿಕೊಳ್ಳುತ್ತದೆ. ಯಾದಗಿರಿ, ಶಹಾಪುರ, ಸುರಪುರ ಪರಿಸರಕ್ಕೆ ಇದರ ವ್ಯಾಪ್ತಿ ಸೀಮಿತವಾಗಿದೆ.

ಕೀಲಿಮಣೆ ವಾದ್ಯದ ಎಳೆಯ ಕಲಾವಿದ ಎಂದೊಡನೆ ಇಂದಿನ ವಿದ್ಯಾವಂತ ಓದುಗನ ಮನಸ್ಸಿನಲ್ಲಿ ಮೂಡುವ ಚಿತ್ರ ಪಿಯಾನೋದ್ದು. ಐದಾರು ವರ್ಷದ ಮಗು ಶಿಕ್ಷಕರ ಎದುರು ಕುಳಿತು ಲಿಪಿ ನೋಡಿ ನುಡಿಸುವುದು, ಲಂಡನ್ನಿನ ಸಂಸ್ಥೆಗಳು ನಡೆಸುವ ಎಂಟು ಶ್ರೇಣಿಗಳ ಪರೀಕ್ಷೆಗಳನ್ನು ಒಂದೊಂದಾಗಿ ಏರುವುದು, ಮುಂದೆ ಸ್ಪರ್ಧೆಗಳಲ್ಲಿ ಹೆಸರು ಮಾಡುವುದು, ಇವು ಆ ಚಿತ್ರದ ಭಾಗಗಳು. 1927ರಲ್ಲಿ ವಾರ್ಸಾದಲ್ಲಿ ಆರಂಭವಾದ ಶೋಪಾನ್ ಸ್ಪರ್ಧೆಯಂಥವು ಯುರೋಪಿನಲ್ಲಿ ತರುಣ ಪಿಯಾನೋ ವಾದಕರ ಭವಿಷ್ಯವನ್ನೇ ನಿರ್ಧರಿಸುವ ಹೆಬ್ಬಾಗಿಲುಗಳಾದವು. ಬೆಂಗಳೂರಿನಲ್ಲಿ 1987ರಲ್ಲಿ ಆರಂಭವಾದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಮೊದಲಾದ ಸಂಸ್ಥೆಗಳು ಈ ಮಾದರಿಯ ಶಿಕ್ಷಣವನ್ನು ನಮ್ಮ ನಾಡಿನ ನಗರದ ಮಕ್ಕಳಿಗೆ ಒದಗಿಸಿವೆ. ಸಗರನಾಡಿನ ಸಂಗೀತ ಜೀವನದಲ್ಲಿ ಪಿಯಾನೋ ನೆಲೆಗೊಳ್ಳಲಿಲ್ಲ. ಆದರೂ ಆ ಮಾದರಿಯನ್ನು ಇಲ್ಲಿ ನೆನೆಯುವುದಕ್ಕೆ ಕಾರಣವಿದೆ. ಕೀಲಿಮಣೆಯ ಎಳೆಯ ವಾದಕನನ್ನು ಅಳೆಯುವ ನಮ್ಮ ಮಾನದಂಡಗಳು ನಮಗೆ ಅರಿವಿಲ್ಲದೆಯೇ ಅಲ್ಲಿಂದ ಬಂದಿವೆ.

ಕನ್ನಡ ನಾಡಿನಲ್ಲಿ ಪಿಯಾನೋವನ್ನು ಅತ್ಯಂತ ಗಂಭೀರವಾಗಿ ಕಲಿತವರಲ್ಲಿ ಮೈಸೂರಿನ ಜಯಚಾಮರಾಜ ಒಡೆಯರು ಪ್ರಮುಖರು. ಕಛೇರಿಯ ಪಿಯಾನೋ ವಾದಕರಾಗಬೇಕೆಂಬ ಆಸೆ ಅವರಿಗೆ ಎಳವೆಯಲ್ಲಿ ಇತ್ತು. 1940ರಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡು, ಇಪ್ಪತ್ತೊಂದರ ಹರೆಯದಲ್ಲಿ ಅವರು ಸಿಂಹಾಸನವನ್ನು ಏರಬೇಕಾಯಿತು. ಮುಂದೆ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ, ಟ್ರಿನಿಟಿ ಕಾಲೇಜಿನ ಗೌರವ ಫೆಲೋಶಿಪ್ ಅವರಿಗೆ ಸಂದವು. ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ ಅವರು ಧನಸಹಾಯ ಮಾಡಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಅವರಿಗೆ ಅರ್ಪಿಸಿದನು. ಆದರೂ ವಾದಕನ ವೃತ್ತಿ ಅವರಿಗೆ ದಕ್ಕಲಿಲ್ಲ. ರಾಜನಾಗಿ ಹುಟ್ಟಿದವನಿಗೆ ಪದವಿಯ ಹೊಣೆ ಅಡ್ಡ ಬಂದರೆ, ಸುರಪುರದ ಕೂಲಿಕಾರನ ಮಗನಿಗೆ ಹೊಟ್ಟೆಯ ಹೊಣೆ ಅಡ್ಡ ಬರುತ್ತದೆ. ಕಾರಣಗಳು ಬೇರೆಯಾದರೂ ಕಲಿಕೆಗೂ ವೃತ್ತಿಗೂ ನಡುವಿನ ಬಿರುಕು ಎರಡೂ ಕಡೆ ಇದೆ. ಈ ಬಿರುಕು ಪ್ರತಿಭೆಯ ಕೊರತೆಯಿಂದ ಹುಟ್ಟುವುದಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು.

2

1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆಯ್ನ್ ಹಾರ್ಮೋನಿಯಂ ಎಂಬ ಹೆಸರಿನಲ್ಲಿ ತನ್ನ ವಾದ್ಯಕ್ಕೆ ಹಕ್ಕುಪತ್ರ ಪಡೆದನು. ಅದೇ ವೇಳೆಗೆ, ಅಂದರೆ 1841ರಿಂದ 1853ರವರೆಗೆ, ಮೆಡೋಸ್ ಟೇಲರ್ ಸುರಪುರದಲ್ಲಿದ್ದು ಬಾಲಕ ರಾಜಾ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದನು. ಗುಡ್ಡದ ಮೇಲಿನ ಅವನ ಬಂಗಲೆ ಟೇಲರ್ ಮಂಜಿಲ್ ಎಂದು ಪ್ರಸಿದ್ಧವಾಗಿದೆ. ಆದರೆ ಯುರೋಪಿನ ಕೀಲಿಮಣೆ ಈ ಸೀಮೆಯ ಜನರ ಕೈಗೆ ಬಂದದ್ದು ಆ ಬಂಗಲೆಯ ದಾರಿಯಿಂದಲ್ಲ. ನಾಟಕ ಕಂಪನಿಗಳು, ಮಠಗಳು, ದರ್ಗಾಗಳು ಇವೇ ಅದನ್ನು ತಂದವು. 1871ರಲ್ಲಿ ಮುಂಬಯಿ ಮತ್ತು ಮದ್ರಾಸುಗಳನ್ನು ಜೋಡಿಸಿದ ರೈಲು ಮಾರ್ಗ ಯಾದಗಿರಿಯ ಮೇಲೆಯೇ ಹಾದುಹೋದದ್ದು ಇಲ್ಲಿ ಗಮನಾರ್ಹ. ಪರದೆ, ಪೆಟ್ಟಿಗೆ, ಪೋಷಾಕುಗಳೊಂದಿಗೆ ಊರೂರು ಸುತ್ತುವ ಕಂಪನಿಗಳಿಗೆ ರೈಲು ಹತ್ತಿರವಿದ್ದ ಊರು ಅನುಕೂಲದ ಊರು. ಅಲ್ಲಿಂದ ಶಹಾಪುರ, ಸುರಪುರಗಳಿಗೆ ಬಂಡಿಯ ಹಾದಿ.

ಕಂಪನಿಯೊಂದಿಗೆ ಬಂದದ್ದು ಕಾಲಪೇಟಿ. ಕುರ್ಚಿಯ ಮೇಲೆ ಕುಳಿತು ಎರಡೂ ಪಾದಗಳಿಂದ ತಿದಿಯನ್ನು ಒತ್ತುತ್ತ, ಎರಡೂ ಕೈಗಳಿಂದ ನುಡಿಸುವ ವಾದ್ಯ ಅದು. ಧ್ವನಿವರ್ಧಕ ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಸ್ವರ ತಲುಪಬೇಕಾಗಿತ್ತು. ಹಾಗಾಗಿ ಮಾಸ್ತರನು ಬಲಗೈಯಲ್ಲಿ ಹಾಡಿನ ಮಟ್ಟನ್ನೂ ಎಡಗೈಯಲ್ಲಿ ಅದರ ಕೆಳಗಿನ ಸಪ್ತಕವನ್ನೂ ಏಕಕಾಲಕ್ಕೆ ನುಡಿಸುತ್ತಿದ್ದನು. ನಮ್ಮ ಸೀಮೆಯ ವಾದ್ಯಗಳಲ್ಲಿ ಪಿಯಾನೋಕ್ಕೆ ತೀರ ಹತ್ತಿರವಾದದ್ದು ಇದು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಕಲಕತ್ತೆಯ ದ್ವಾರಕಾನಾಥ ಘೋಷರಂಥವರು ರೂಪಿಸಿದ ಕೈಪೇಟಿ ಬಂದ ಮೇಲೆ ವಾದ್ಯ ನೆಲಕ್ಕಿಳಿಯಿತು. ಹಾಡುವವರೊಂದಿಗೆ ಜಮಖಾನೆಯ ಮೇಲೆ ಕುಳಿತುಕೊಂಡಿತು. ಆದರೆ ಎಡಗೈ ತಿದಿಗೆ ಮೀಸಲಾಗಿ ಸ್ವರದಿಂದ ದೂರವಾಯಿತು. ಕೈಪೇಟಿ ಸುಲಭವಾಗಿ ಹೊತ್ತೊಯ್ಯಬಹುದಾದ ಕಾರಣಕ್ಕೆ ಜನಪ್ರಿಯವಾಯಿತು ಎಂಬ ವಿವರಣೆ ಸರಿಯೇ. ಅದರ ಜೊತೆಗೆ ವಾದಕ ಏನನ್ನು ಕಳೆದುಕೊಂಡ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಡಗೈಯ ಸ್ವರಜ್ಞಾನ ಹೋದಂತೆ ನಾಟಕದ ಮಾಸ್ತರನ ಬಳಿ ಇದ್ದ ಒಂದು ದೊಡ್ಡ ವಿದ್ಯೆಯೂ ಹೋಯಿತು.

ಸಗರನಾಡಿನಲ್ಲಿ ಪೇಟಿಯ ಸಾಮಾಜಿಕ ನೆಲೆ ವಿಶಾಲವಾದುದು. ತಿಂಥಣಿಯ ಮೌನೇಶ್ವರ, ಕೊಡೇಕಲ್ಲಿನ ಬಸವಣ್ಣ, ಅಬ್ಬೆತುಮಕೂರಿನ ವಿಶ್ವಾರಾಧ್ಯ, ಶಹಾಪುರದ ಚರಬಸವೇಶ್ವರ, ಮೈಲಾಪುರದ ಮಲ್ಲಯ್ಯ, ಹೀಗೆ ಪ್ರತಿಯೊಂದು ಕ್ಷೇತ್ರಕ್ಕೂ ಅದರದೇ ಭಕ್ತವರ್ಗ, ಅದರದೇ ಹಾಡುಗಳಿವೆ. ನೆರೆಯ ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನ ತತ್ವಪದಗಳು ಇಡೀ ಪ್ರದೇಶವನ್ನು ವ್ಯಾಪಿಸಿವೆ. ಗೋಗಿಯ ಚಂದಾ ಹುಸೇನಿ ದರ್ಗಾದಂಥ ಸೂಫಿ ನೆಲೆಗಳ ಕವ್ವಾಲಿ ಪರಂಪರೆಗೂ ಇದೇ ವಾದ್ಯ ಆಧಾರ. ದೊಡ್ಡಾಟದ ಹಿಮ್ಮೇಳಕ್ಕೂ ಊರ ನಾಟಕಕ್ಕೂ ಇದೇ ಬೇಕು. ಏಕತಾರಿಗೆ ಪಂಥದ ಗುರುತಿದೆ, ಚೌಡಿಕೆಗೆ ದೈವದ ಗುರುತಿದೆ, ಹಲಗೆಗೆ ಜಾತಿಯ ಗುರುತನ್ನು ಸಮಾಜ ಅಂಟಿಸಿದೆ. ಹೊರಗಿನಿಂದ ಬಂದ ಹಾರ್ಮೋನಿಯಂಗೆ ಇಂಥ ಯಾವ ಗುರುತೂ ಇರಲಿಲ್ಲ. ಆದ್ದರಿಂದಲೇ ಯಾವ ಜಾತಿಯ, ಯಾವ ಧರ್ಮದ ಹುಡುಗನಾದರೂ ಅದನ್ನು ಮುಟ್ಟಬಹುದಾಯಿತು. ಪರಕೀಯತೆಯನ್ನೇ ದೋಷವೆಂದು ಬಗೆದ ಜಾನಪದ ವಿದ್ವತ್ತು ಈ ಅಂಶವನ್ನು ಕಾಣದೇ ಹೋದದ್ದು ಆಶ್ಚರ್ಯಕರ.

3

ಎಳೆಯ ವಾದಕರ ಕಲಿಕೆಗೆ ಇಲ್ಲಿ ಮೂರು ದಾರಿಗಳಿವೆ. ಅವು ಒಂದಕ್ಕೊಂದು ಹೆಣೆದುಕೊಂಡಿರುವುದೂ ಉಂಟು.

ಮೊದಲನೆಯದು ಭಜನೆಯ ಕಟ್ಟೆ. ಹುಡುಗ ತಾಳ ಹಿಡಿದು ಮೇಳಕ್ಕೆ ಸೇರುತ್ತಾನೆ. ಹಿರಿಯ ವಾದಕ ಎಲೆ ಅಡಿಕೆಗೋ ಚಹಕ್ಕೋ ಎದ್ದಾಗ ಪೇಟಿಯ ಮುಂದೆ ಕೂರುತ್ತಾನೆ. ಯಾರೂ ಕಲಿಸುವುದಿಲ್ಲ, ಯಾರೂ ಬೇಡ ಎನ್ನುವುದೂ ಇಲ್ಲ. ಸರಿಗಮದ ಹೆಸರು ತಿಳಿಯುವ ಮೊದಲೇ ಬೆರಳಿಗೆ ಹಾಡು ತಿಳಿದಿರುತ್ತದೆ. ಇಂಥ ಕಲಿಕೆಯನ್ನು ಕೇಳಿಕೆಯ ಜ್ಞಾನ ಎಂದು ಕೊಂಡಾಡಿ ಸುಮ್ಮನಾಗುವುದು ನಮ್ಮ ಕ್ಷೇತ್ರದ ವಾಡಿಕೆ. ಅದರ ಮಿತಿಯನ್ನೂ ಹೇಳಬೇಕು. ಕಟ್ಟೆಯಲ್ಲಿ ಕಲಿತವನಿಗೆ ಆ ಮೇಳದ ಗಾಯಕನ ಶ್ರುತಿಯೊಂದೇ ಗೊತ್ತು. ಆ ಗಾಯಕನದು ಕರಿ ಒಂದು ಪಟ್ಟಿಯಾದರೆ ಹುಡುಗನ ಬೆರಳು ಕರಿ ಒಂದನ್ನೇ ಷಡ್ಜವೆಂದು ನಂಬಿರುತ್ತದೆ. ಪಕ್ಕದ ಊರಿನ ಗಾಯಕ ಬಿಳಿ ನಾಲ್ಕಕ್ಕೆ ಹಾಡಿದರೆ ಹುಡುಗ ಕೈಕಟ್ಟಿ ಕೂರಬೇಕಾಗುತ್ತದೆ.

ಎರಡನೆಯದು ನಾಟಕದ ತಾಲೀಮು. ಜಾತ್ರೆ ಅಥವಾ ಹಬ್ಬಕ್ಕೆ ಊರವರು ನಾಟಕ ಆಡಬೇಕೆಂದು ತೀರ್ಮಾನಿಸಿದಾಗ ಪೇಟಿ ಮಾಸ್ತರನನ್ನು ಗೊತ್ತುಮಾಡುತ್ತಾರೆ. ಅವನು ತಿಂಗಳೋ ಎರಡು ತಿಂಗಳೋ ಆ ಊರಿನಲ್ಲಿ ತಂಗುತ್ತಾನೆ. ಊಟ ಸರದಿಯ ಮೇಲೆ ಮನೆಮನೆಗಳಲ್ಲಿ. ಮಾತು, ಹಾಡು, ನಡೆ, ಕುಣಿತ ಎಲ್ಲವನ್ನೂ ಕಲಿಸುವವನು ಅವನೇ. ಆಧುನಿಕ ರಂಗಭೂಮಿಯ ಪರಿಭಾಷೆಯಲ್ಲಿ ಹೇಳುವುದಾದರೆ ನಿರ್ದೇಶಕ, ಸಂಗೀತ ನಿರ್ದೇಶಕ ಮತ್ತು ವಾದ್ಯಗಾರ ಈ ಮೂವರೂ ಅವನೊಬ್ಬನೇ. ಅವನ ಜೊತೆಗೆ ಹೋಗುವ ಹುಡುಗ ಪೆಟ್ಟಿಗೆ ಹೊರುವುದರಿಂದ ಆರಂಭಿಸಿ ಹಗಲಿನ ತಾಲೀಮಿನಲ್ಲಿ ನುಡಿಸುವವರೆಗೆ ಏರುತ್ತಾನೆ. ಊರೂರಿಗೆ ಬೇರೆ ಬೇರೆ ಕಂಠಗಳು, ಅವುಗಳಲ್ಲಿ ಬಹುಪಾಲು ಶ್ರುತಿಯ ಪರಿಚಯವೇ ಇಲ್ಲದ ಕಂಠಗಳು. ಒಬ್ಬನೇ ಪಾತ್ರಧಾರಿ ಪಲ್ಲವಿಯನ್ನು ಒಂದು ಪಟ್ಟಿಯಲ್ಲಿ ಎತ್ತಿಕೊಂಡು ನುಡಿಯನ್ನು ಇನ್ನೊಂದರಲ್ಲಿ ಮುಗಿಸುವುದುಂಟು. ಅವನನ್ನು ಅವನಿಗೆ ಗೊತ್ತಾಗದಂತೆ ಮರಳಿ ದಾರಿಗೆ ತರುವುದು, ಅದೂ ಸಾವಿರ ಜನರ ಎದುರಿಗೆ, ಮಾಸ್ತರಿಕೆಯ ನಿಜವಾದ ಪರೀಕ್ಷೆ. ಹೊಂದಿಕೆಯ ಸ್ವರವನ್ನು ಕ್ಷಣಕಾಲ ಗಟ್ಟಿಯಾಗಿ ಒತ್ತಿ, ಹಾಡುವವನು ಅದನ್ನು ಹಿಡಿದೊಡನೆ ಗಾಳಿಯನ್ನು ಕಡಿಮೆಮಾಡುವ ಆ ಕೌಶಲಕ್ಕೆ ಯಾವ ಪಠ್ಯಕ್ರಮದಲ್ಲಿಯೂ ಹೆಸರಿಲ್ಲ.

ಮೂರನೆಯದು ಗದುಗಿನ ದಾರಿ. ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892-1944) ನೆಲೆಗೊಳಿಸಿದ, ಪುಟ್ಟರಾಜ ಗವಾಯಿಗಳು (1914-2010) ಬೆಳೆಸಿದ ವೀರೇಶ್ವರ ಪುಣ್ಯಾಶ್ರಮವು ಉತ್ತರ ಕರ್ನಾಟಕದ ಅಂಧ ಹಾಗೂ ಬಡ ಮಕ್ಕಳಿಗೆ ಊಟ, ವಸತಿ, ವಿದ್ಯೆ ಮೂರನ್ನೂ ಕೊಟ್ಟ ಸಂಸ್ಥೆ. ಪುಟ್ಟರಾಜರು ಸ್ವತಃ ಹಾರ್ಮೋನಿಯಂ, ಸಾರಂಗಿ, ಪಿಟೀಲು ಮೊದಲಾದ ಹಲವು ವಾದ್ಯಗಳಲ್ಲಿ ಪರಿಣತರು. ಗಾಯನವನ್ನೂ ವಾದನವನ್ನೂ ಪುರಾಣ ಪ್ರವಚನವನ್ನೂ ನಾಟಕವನ್ನೂ ಬೇರ್ಪಡಿಸದ ಶಿಕ್ಷಣ ಅಲ್ಲಿಯದು. ಆದ್ದರಿಂದ ಅಲ್ಲಿ ಕಲಿತ ವಿದ್ಯಾರ್ಥಿ ಕೇವಲ ಕಛೇರಿಯ ಕಲಾವಿದನಾಗಿ ರೂಪುಗೊಳ್ಳದೆ ಊರಿಗೆ ಬೇಕಾದ ಸಂಗೀತಗಾರನಾಗಿ ಮರಳುತ್ತಾನೆ. ಶ್ರಾವಣದಲ್ಲಿ ಪುರಾಣಕ್ಕೆ ಪೇಟಿ, ಜಾತ್ರೆಯಲ್ಲಿ ವಚನ ಗಾಯನ, ಬಿಡುವಿನಲ್ಲಿ ಮಕ್ಕಳಿಗೆ ಪಾಠ, ಹೀಗೆ ಅವನ ವರ್ಷ ಸಾಗುತ್ತದೆ. ಸಗರನಾಡಿನಲ್ಲಿ ಹನ್ನೆರಡು ಪಟ್ಟಿಗಳಲ್ಲಿಯೂ ಬೆರಳು ತಿರುಗಿಸಬಲ್ಲ ವಾದಕ ಸಿಕ್ಕರೆ ಅವನು ಆಶ್ರಮದಲ್ಲಿ ಕಲಿತವನಾಗಿರುವ ಅಥವಾ ಅಲ್ಲಿ ಕಲಿತವರ ಶಿಷ್ಯನಾಗಿರುವ ಸಂಭವ ಹೆಚ್ಚು.

ಪರೀಕ್ಷೆಗಳ ವಿಚಾರವನ್ನು ಸಂಕ್ಷೇಪವಾಗಿ ಹೇಳಬಹುದು. ವಿಷ್ಣು ದಿಗಂಬರ ಪಲುಸ್ಕರರ ಪರಂಪರೆಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳು, ರಾಜ್ಯ ಸರಕಾರದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಕಲಿಕೆಗೆ ಒಂದು ಕ್ರಮವನ್ನು ತಂದವು. ಆ ಪ್ರಮಾಣಪತ್ರ ಸಂಗೀತ ಶಿಕ್ಷಕನ ಹುದ್ದೆಗೆ ಬೇಕು. ಹುದ್ದೆಗಳು ಮಾತ್ರ ಬೆರಳೆಣಿಕೆಯಷ್ಟು. ಮೇಲಾಗಿ ಅಲ್ಲಿ ಪರೀಕ್ಷಿಸುವುದು ವಾದಕನ ರಾಗಜ್ಞಾನವನ್ನು. ಅನ್ಯರ ಕಂಠವನ್ನು ಅನುಸರಿಸುವ ಜಾಣ್ಮೆಗೆ ಅಲ್ಲಿ ಅಂಕವಿಲ್ಲ. ಜೀವನವಿಡೀ ಅನುಸರಣೆಯನ್ನೇ ಮಾಡಬೇಕಾದವನಿಗೆ ಸ್ವತಂತ್ರ ವಾದನದ ಪರೀಕ್ಷೆ.

4

ಅನುಸರಣೆ ಎಂಬುದು ಕೀಳು ವಿದ್ಯೆಯೇ? ಈ ಪ್ರಶ್ನೆಗೆ ಉತ್ತರ ಹುಡುಕದೆ ಎಳೆಯ ವಾದಕರ ವಿಮರ್ಶೆ ಸಾಧ್ಯವಿಲ್ಲ.

ಹಾರ್ಮೋನಿಯಂ ವಿರುದ್ಧ ಎತ್ತಿದ ಆಕ್ಷೇಪ ಮುಖ್ಯವಾಗಿ ಎರಡು. ಒಂದು, ಅದರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು ಸಾಧ್ಯವಿಲ್ಲ. ಎರಡು, ಅದರ ರೀಡುಗಳು ಯುರೋಪಿನ ಸಮಪಾಲು ಸ್ವರವ್ಯವಸ್ಥೆಗೆ ಕಟ್ಟಲ್ಪಟ್ಟಿವೆ. ಸಪ್ತಕವನ್ನು 1200 ಸೆಂಟ್‌ಗಳೆಂದು ಭಾವಿಸಿದರೆ ಪೇಟಿಯ ಶುದ್ಧ ಗಾಂಧಾರ 400 ಸೆಂಟ್‌ಗಳಲ್ಲಿದೆ. ತಂಬೂರಿಯ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರವಾದರೋ ಸುಮಾರು 386ರಲ್ಲಿದೆ. ಹದಿನಾಲ್ಕು ಸೆಂಟ್‌ಗಳ ಈ ಏರು ಕಿವಿಯುಳ್ಳವರಿಗೆ ಚುಚ್ಚುತ್ತದೆ. ರವೀಂದ್ರನಾಥ ಠಾಕೂರ್, ಆನಂದ ಕುಮಾರಸ್ವಾಮಿ ಮೊದಲಾದವರು ಈ ವಾದ್ಯವನ್ನು ವಿರೋಧಿಸಿದರು. 20ನೆಯ ಶತಮಾನದ ಆರಂಭದಲ್ಲಿಯೇ ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಮತ್ತು ಇಂಗ್ಲಿಷ್ ಅಧಿಕಾರಿ ಕ್ಲೆಮೆಂಟ್ಸ್ ಸೇರಿ ಇಪ್ಪತ್ತೆರಡು ಶ್ರುತಿಗಳ ಹಾರ್ಮೋನಿಯಂ ಮಾಡಿಸಿ ನೋಡಿದರು. ಅದು ಬಳಕೆಗೆ ಬರಲಿಲ್ಲ. 1940ರ ಮಾರ್ಚ್ 1ರಿಂದ ಆಕಾಶವಾಣಿ ಹಾರ್ಮೋನಿಯಂ ಮೇಲೆ ನಿಷೇಧ ಹೇರಿತು. 1971ರಲ್ಲಿ ಪಕ್ಕವಾದ್ಯವಾಗಿ ಮಾತ್ರ, ಅದೂ ಕೆಲವು ಶ್ರೇಣಿಯ ಕಲಾವಿದರಿಗೆ ಮಾತ್ರ, ಅದಕ್ಕೆ ಮತ್ತೆ ಪ್ರವೇಶ ದೊರೆಯಿತು.

ಈ ನಿಷೇಧದ ಪರಿಣಾಮವನ್ನು ಮಹಾನಗರಗಳ ಸಂಗೀತದ ದೃಷ್ಟಿಯಿಂದ ಹಲವರು ಚರ್ಚಿಸಿದ್ದಾರೆ. ಗ್ರಾಮೀಣ ವಾದಕನ ದೃಷ್ಟಿಯಿಂದ ಅದನ್ನು ನೋಡಬೇಕಾಗಿದೆ. 1950ರಲ್ಲಿ ಧಾರವಾಡದಲ್ಲಿ, 1966ರಲ್ಲಿ ಕಲಬುರಗಿಯಲ್ಲಿ ಬಾನುಲಿ ಕೇಂದ್ರಗಳು ಆರಂಭವಾದಾಗ ಉತ್ತರ ಕರ್ನಾಟಕದ ಕಲಾವಿದರಿಗೆ ಮೊದಲ ಬಾರಿಗೆ ಒಂದು ಅಧಿಕೃತ ಮನ್ನಣೆಯ ದಾರಿ ತೆರೆಯಿತು. ಗಾಯಕನಿಗೆ ಧ್ವನಿಪರೀಕ್ಷೆ, ಶ್ರೇಣಿ, ಸಂಭಾವನೆ ಇದ್ದವು. ತಬಲಾ ವಾದಕನಿಗೂ ಇದ್ದವು. ಅದೇ ಮೇಳದ ಪೇಟಿಯವನಿಗೆ ಮಾತ್ರ ಬಾಗಿಲು ಮುಚ್ಚಿತ್ತು. ಊರಿನಲ್ಲಿ ಮಾಸ್ತರ ಎಂದು ಕರೆಸಿಕೊಂಡವನು ಕೇಂದ್ರದಲ್ಲಿ ಯಾರೂ ಅಲ್ಲ. ನಮ್ಮ ಸೀಮೆಯ ಪೇಟಿ ಮಾಸ್ತರರ ಒಂದು ಇಡೀ ತಲೆಮಾರಿನ ವಾದನ ಬಾನುಲಿಯ ಭಂಡಾರದಲ್ಲಿ ಸೇರದೇ ಹೋದದ್ದಕ್ಕೆ ಇದೊಂದು ದೊಡ್ಡ ಕಾರಣ. ಶ್ರುತಿಶುದ್ಧಿಯ ವಾದಕ್ಕೆ ಸಂಗೀತಶಾಸ್ತ್ರದ ಬಲವಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ದಂಡವನ್ನು ತೆತ್ತವರು ವಾದ ಮಾಡಿದವರಲ್ಲ.

ಇನ್ನು ವಾದನದ ಒಳಗೇ ನೋಡೋಣ. ತತ್ವಪದದ ಗಾಯಕ ಗಾಂಧಾರದ ಮೇಲೆ ನಿಂತು ದನಿ ಎಳೆದಾಗ ಅನುಭವಿ ವಾದಕ ಏನು ಮಾಡುತ್ತಾನೆ? ಬೆರಳನ್ನು ಎತ್ತಿಬಿಡುತ್ತಾನೆ. ಷಡ್ಜ ಪಂಚಮಗಳನ್ನು ಮಾತ್ರ ಉಳಿಸಿಕೊಂಡು ಕಂಠಕ್ಕೆ ಜಾಗ ಬಿಟ್ಟುಕೊಡುತ್ತಾನೆ. ಹದಿನಾಲ್ಕು ಸೆಂಟ್‌ಗಳ ಲೆಕ್ಕ ಅವನಿಗೆ ತಿಳಿಯದು. ಆದರೆ ಎರಡು ಗಾಂಧಾರಗಳು ಹೊಸೆದುಕೊಳ್ಳುವ ಕರಕರೆ ಅವನ ಕಿವಿಗೆ ತಿಳಿದಿದೆ. ಎಳೆಯ ವಾದಕ ಇಲ್ಲಿಯೇ ಎಡವುತ್ತಾನೆ. ಹಾಡಿನ ಪ್ರತಿಯೊಂದು ಸ್ವರವನ್ನೂ ಒತ್ತುವುದೇ ಸಾಥಿ ಎಂದು ಅವನು ತಿಳಿದಿರುತ್ತಾನೆ. ಬೆರಳಿನ ವೇಗ ಹತ್ತೊಂಬತ್ತನೆಯ ವಯಸ್ಸಿಗೆ ಬಂದುಬಿಡಬಹುದು. ಬೆರಳನ್ನು ಎತ್ತುವ ವಿವೇಕ ಬರಲು ಇನ್ನೂ ಹತ್ತು ವರ್ಷ ಮೇಳದಲ್ಲಿ ಕೂರಬೇಕು. ಹಾಗೆಯೇ ಮೀಂಡಿನ ಕೊರತೆಯನ್ನು ಅವನು ಕಣಸ್ವರದಿಂದ, ಅಂದರೆ ಮುಖ್ಯ ಸ್ವರಕ್ಕೆ ಮುನ್ನ ಅದರ ನೆರೆಯ ಸ್ವರವನ್ನು ಸೋಕಿಸಿ ಬಿಡುವುದರಿಂದ ತುಂಬಿಕೊಳ್ಳುತ್ತಾನೆ. ಅದರೊಂದಿಗೆ ತಿದಿಯ ಗಾಳಿಯನ್ನೂ ತಗ್ಗಿಸಿದರೆ ಸ್ವರ ಜಾರಿದಂತೆ ಭ್ರಮೆಯಾಗುತ್ತದೆ. ಪಿಯಾನೋದಲ್ಲಿ ಸ್ವರದ ಏರಿಳಿತ ಬೆರಳಿನ ಹೊಡೆತದಲ್ಲಿದೆ. ಹೊಡೆದ ಮರುಕ್ಷಣದಿಂದ ಸ್ವರ ಕರಗತೊಡಗುತ್ತದೆ. ಪೇಟಿಯಲ್ಲಿ ಬೆರಳು ಬಾಗಿಲು ತೆರೆಯುತ್ತದೆ ಅಷ್ಟೆ, ಜೀವ ಇರುವುದು ಎಡಗೈಯ ಗಾಳಿಯಲ್ಲಿ. ಪೇಟಿಯ ಎಡಗೈಯನ್ನು ಕೇವಲ ಯಾಂತ್ರಿಕ ದುಡಿಮೆ ಎಂದು ತಿಳಿದು ಬಲಗೈಯ ಚಮತ್ಕಾರವನ್ನೇ ಹೊಗಳುವ ವಿಮರ್ಶೆ ಪಿಯಾನೋದ ಅಳತೆಗೋಲನ್ನು ಹಿಡಿದುಕೊಂಡು ಬಂದಿರುತ್ತದೆ.

ಹಾರ್ಮೋನಿಯಂ ಸ್ವತಂತ್ರ ವಾದ್ಯವಾಗಿ ನಿಲ್ಲಬಲ್ಲದು ಎಂಬುದನ್ನು ಉತ್ತರ ಕರ್ನಾಟಕವೇ ತೋರಿಸಿಕೊಟ್ಟಿದೆ. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿದ ರಾಮಭಾವು ವಿಜಾಪುರೆ (ನಿಧನ 2010) ದೊಡ್ಡ ದೊಡ್ಡ ಗಾಯಕರಿಗೆ ಸಾಥಿ ನೀಡಿದ್ದಲ್ಲದೆ ತಮ್ಮದೇ ಸಂಗೀತ ವಿದ್ಯಾಲಯದಲ್ಲಿ ಶಿಷ್ಯರ ದೊಡ್ಡ ಬಳಗವನ್ನೇ ತಯಾರಿಸಿದರು. ವಸಂತ ಕನಕಾಪುರರ ವಾದನವೂ ಈ ಸಾಲಿನದೇ. 2018ರಲ್ಲಿ ಬೆಂಗಳೂರಿನಲ್ಲಿ ವಿಶ್ವ ಹಾರ್ಮೋನಿಯಂ ಸಮ್ಮೇಳನವೇ ನಡೆಯಿತು. ಆದರೆ ಬೆಳಗಾವಿ, ಧಾರವಾಡಗಳ ಈ ಬೆಳಸು ಕೃಷ್ಣೆ ಭೀಮೆಯರ ನಡುವಿನ ನಾಡಿಗೆ ಅಷ್ಟಾಗಿ ಹರಿಯಲಿಲ್ಲ. 1948ರವರೆಗೆ ನಿಜಾಮನ ಆಡಳಿತದಲ್ಲಿದ್ದ ಈ ಭಾಗಕ್ಕೂ ಮುಂಬಯಿ ಪ್ರಾಂತದ ಜಿಲ್ಲೆಗಳಿಗೂ ನಡುವೆ ರಾಜಕೀಯ ಗಡಿಯಷ್ಟೇ ಸಾಂಸ್ಕೃತಿಕ ಅಂತರವೂ ಇತ್ತು. ಅಲ್ಲಿ ಹಾರ್ಮೋನಿಯಂ ಕಛೇರಿಯ ಚಾವಡಿಗೆ ಏರಿತು. ಇಲ್ಲಿ ಅದು ಗುಡಿಯ ಕಟ್ಟೆಯಲ್ಲಿಯೇ ಉಳಿಯಿತು.

5

ವೃತ್ತಿಯ ವಿಷಯಕ್ಕೆ ಬಂದರೆ, ಪೇಟಿ ಮಾಸ್ತರನ ವರ್ಷ ಒಕ್ಕಲುತನದ ವರ್ಷವನ್ನು ಅವಲಂಬಿಸಿತ್ತು. ಜೋಳದ ಸುಗ್ಗಿ ಮುಗಿದು ಊರವರಿಗೆ ಬಿಡುವಾದಾಗ ಅವನಿಗೆ ಕೆಲಸ. ಸಂಕ್ರಾಂತಿಯ ಮೈಲಾಪುರ ಜಾತ್ರೆಯ ಆಸುಪಾಸಿನಿಂದ ಮುಂಗಾರಿನವರೆಗೆ ಒಂದಾದ ಮೇಲೊಂದು ಜಾತ್ರೆ, ಒಂದಾದ ಮೇಲೊಂದು ನಾಟಕ. 1982ರಲ್ಲಿ ನಾರಾಯಣಪುರ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರ ತಾಲೂಕುಗಳ ಹೊಲಗಳಿಗೆ ಹರಿದ ಮೇಲೆ ಈ ಲೆಕ್ಕ ತಪ್ಪಿತು. ಬತ್ತದ ಎರಡನೆಯ ಬೆಳೆ ಬೇಸಿಗೆಯನ್ನು ನುಂಗಿತು. ಕಾಲುವೆ ಬಂದಲ್ಲಿ ಹಣ ಬಂದಿತು, ಬಿಡುವು ಹೋಯಿತು. ಕಾಲುವೆ ಬಾರದಲ್ಲಿ ತರುಣರು ಕಟ್ಟಡದ ಕೆಲಸಕ್ಕೆ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋದರು. ಎರಡೂ ಕಡೆ ತಿಂಗಳುಗಟ್ಟಲೆ ತಾಲೀಮಿಗೆ ಕೂರುವ ಜನ ಕಡಿಮೆಯಾದರು. ನಾಟಕ ನಿಲ್ಲಲಿಲ್ಲ. ಆದರೆ ತಾಲೀಮು ಕುಗ್ಗಿ ಹಾಡುಗಳು ಸಿನಿಮಾ ಮಟ್ಟಿಗೆ ತಿರುಗಿದವು. ಮಾಸ್ತರನ ಜೊತೆಗೆ ಪೆಟ್ಟಿಗೆ ಹೊತ್ತು ನಡೆಯುವ ಹುಡುಗನಿಗೆ ಕಲಿಯಲು ಇದ್ದ ಕಾಲವೂ ಅಷ್ಟೇ ಕುಗ್ಗಿತು. ಜನಪದ ಕಲೆಗಳ ಅವನತಿಗೆ ದೂರದರ್ಶನವನ್ನೇ ದೂರುವುದು ರೂಢಿಯಾಗಿದೆ. ಸಗರನಾಡಿನ ಮಟ್ಟಿಗೆ ಕಾಲುವೆಯ ನೀರು ಬಿಡುವ ವೇಳಾಪಟ್ಟಿಯನ್ನೂ ಓದಬೇಕು.

ಇದೇ ಅವಧಿಯಲ್ಲಿ ವಿದ್ಯುನ್ಮಾನ ಕೀಬೋರ್ಡು ಬಂದಿತು. ರಸಮಂಜರಿ ತಂಡಗಳು, ಮದುವೆ ಸಮಾರಂಭಗಳು, ಧ್ವನಿಸುರುಳಿಗಳ ಸ್ಟುಡಿಯೋಗಳು ಅದನ್ನು ಬೇಡಿದವು. ಆದಾಯವೂ ಅಲ್ಲಿಯೇ ಇತ್ತು. ಇಂದಿನ ಎಳೆಯ ವಾದಕ ಪೇಟಿಯಲ್ಲಿ ಕಲಿತು ಕೀಬೋರ್ಡಿನಲ್ಲಿ ಗಳಿಸುವವನು. ಇದನ್ನು ಪರಂಪರೆಯ ಪತನವೆಂದು ಹಳಹಳಿಸುವುದರಲ್ಲಿ ಅರ್ಥವಿಲ್ಲ. ನಾಟಕ ಕಂಪನಿಯ ಕಾಲಪೇಟಿಯೂ ಒಂದು ಕಾಲಕ್ಕೆ ಹೀಗೆಯೇ ಹೊಸದಾಗಿ ಬಂದದ್ದು. ಎಡಗೈ ಮತ್ತೆ ಸ್ವರಕ್ಕೆ ಮರಳಿದ್ದು ಕೀಬೋರ್ಡಿನ ಲಾಭ ಎಂದೇ ಹೇಳಬೇಕು. ನಷ್ಟ ಇರುವುದು ಒಂದು ಪುಟ್ಟ ಗುಂಡಿಯಲ್ಲಿ. ಗಾಯಕನ ಶ್ರುತಿ ಯಾವುದೇ ಇರಲಿ, ಆ ಗುಂಡಿ ಒತ್ತಿದರೆ ವಾದಕ ಬಿಳಿ ಒಂದರಲ್ಲಿಯೇ ನುಡಿಸುತ್ತ ಇರಬಹುದು. ಪಟ್ಟಿ ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ. ಪೇಟಿಯಲ್ಲಿ ಕೂಡ ಕೀಲಿಮಣೆಯನ್ನೇ ಸರಿಸುವ ಸ್ಕೇಲ್ ಚೇಂಜರ್ ಮಾದರಿ ಇದೆ. ಆದರೆ ಅದರ ಬೆಲೆ ಹಳ್ಳಿಯ ಮೇಳಗಳಿಗೆ ನಿಲುಕದ್ದರಿಂದ ಹುಡುಗರು ಹನ್ನೆರಡು ಪಟ್ಟಿಗಳನ್ನು ಕಲಿಯಲೇಬೇಕಾಗಿತ್ತು. ಬಡತನ ಕಲಿಸಿದ್ದನ್ನು ಗುಂಡಿ ಮರೆಸಿತು. ಪಟ್ಟಿ ಜಾರುವ ಊರ ನಾಟಕದ ಪಾತ್ರಧಾರಿಯನ್ನು ಹಾಡಿನ ನಡುವೆ ಹಿಂಬಾಲಿಸಲು ಆ ಗುಂಡಿಯಿಂದ ಆಗದು. ಅಲ್ಲಿ ಬೆರಳೇ ಬೇಕು.

ಸರಕಾರದ ಪ್ರೋತ್ಸಾಹದ ಬಗೆಗೂ ಒಂದು ಮಾತು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಚಿಗುರು, ಯುವ ಸೌರಭ, ಜನಪರ ಉತ್ಸವಗಳಂಥ ಕಾರ್ಯಕ್ರಮಗಳು 2009ರ ಡಿಸೆಂಬರ್ 30ರಂದು ಪ್ರತ್ಯೇಕ ಜಿಲ್ಲೆಯಾದ ಯಾದಗಿರಿಯಲ್ಲಿ ಎಳೆಯರಿಗೆ ವೇದಿಕೆ ಒದಗಿಸಿರುವುದು ನಿಜ. ಆದರೆ ಆಮಂತ್ರಣ ಪತ್ರಿಕೆಯಲ್ಲಿ ಮುಖ್ಯ ಗಾಯಕರ ಹೆಸರಿನ ಮುಂದೆ ‘ಮತ್ತು ತಂಡದವರು’ ಎಂದು ಬರೆಯುವ ಪದ್ಧತಿ ಬೇರೂರಿದೆ. ಪೇಟಿಯವನು ಆ ಎರಡು ಪದಗಳ ಒಳಗೆ ಇರುತ್ತಾನೆ. ಸಂಭಾವನೆಯೂ ತಂಡಕ್ಕೇ ಬರುತ್ತದೆ, ಹಂಚಿಕೆ ಮುಖ್ಯಸ್ಥನ ಇಷ್ಟ. ಮುಂದೆ ವೃದ್ಧಾಪ್ಯದಲ್ಲಿ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವಾಗ ಕಲಾಸೇವೆಯ ದಾಖಲೆ ಕೇಳುತ್ತಾರೆ. ನಲವತ್ತು ವರ್ಷ ನುಡಿಸಿದವನ ಬಳಿ ತನ್ನ ಹೆಸರು ಅಚ್ಚಾದ ಒಂದು ಕಾಗದವೂ ಇರುವುದಿಲ್ಲ. ಇದು ಇಲಾಖೆಯೊಂದರ ತಪ್ಪು ಎನ್ನುವಂತಿಲ್ಲ. ನಮ್ಮ ವಿದ್ವತ್ ಪ್ರಕಟಣೆಗಳು ಕೂಡ ಬಹುಮಟ್ಟಿಗೆ ಹೀಗೆಯೇ ನಡೆದುಕೊಂಡಿವೆ. ತತ್ವಪದಗಳ ಸಂಗ್ರಹ, ಸಂಪಾದನೆಗಳು ಕಳೆದ ದಶಕಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಆಗಿವೆ. ಅವುಗಳಲ್ಲಿ ಪದಕಾರನ ಹೆಸರಿದೆ, ಹಲವೆಡೆ ಹಾಡಿದವರ ಹೆಸರೂ ಇದೆ. ಯಾವ ಪಟ್ಟಿಯಲ್ಲಿ ಹಾಡಿದರು, ಪಲ್ಲಕ್ಕೂ ನುಡಿಗೂ ನಡುವೆ ಪೇಟಿ ಏನು ನುಡಿಸಿತು, ನುಡಿಸಿದವರಾರು ಎಂಬ ವಿವರ ಸಿಗುವುದು ತೀರ ವಿರಳ. ಪದವೊಂದು ಎರಡು ಊರುಗಳಲ್ಲಿ ಎರಡು ಮಟ್ಟುಗಳಾಗಿ ಕವಲೊಡೆಯುವಲ್ಲಿ ಎಷ್ಟೋ ಸಲ ಕಾರಣನಾದವನು ಈ ಹೆಸರಿಲ್ಲದ ವಾದಕನೇ. ಮಟ್ಟಿನ ಚರಿತ್ರೆ ಬರೆಯಲು ಹೊರಟವರಿಗೆ ಅವನಿಲ್ಲದೆ ದಾರಿ ಇಲ್ಲ.

ಹೆಣ್ಣುಮಕ್ಕಳ ವಿಷಯ ಇನ್ನೂ ಬೇರೆಯೇ ಆಗಿದೆ. ಸಂಗೀತ ಪಾಠಶಾಲೆಗಳಿಗೆ ಬರುವವರಲ್ಲಿ ಹುಡುಗಿಯರ ಸಂಖ್ಯೆ ಕಡಿಮೆಯೇನಲ್ಲ. ತಮ್ಮ ಹಾಡಿಗೆ ತಾವೇ ಪೇಟಿ ನುಡಿಸಿಕೊಳ್ಳುವಷ್ಟು ಅವರು ಬೇಗ ಕಲಿಯುತ್ತಾರೆ. ಆದರೆ ಕಲಿಕೆಯ ಮೂರು ದಾರಿಗಳಲ್ಲಿ ಮೊದಲೆರಡು, ಅಂದರೆ ಅಹೋರಾತ್ರಿ ಭಜನೆಯ ಕಟ್ಟೆ ಮತ್ತು ಪರವೂರಿನ ತಾಲೀಮು, ಅವರಿಗೆ ಮುಚ್ಚಿಯೇ ಇವೆ. ವೃತ್ತಿ ನಾಟಕಗಳಲ್ಲಿ ಹೆಣ್ಣು ಪಾತ್ರಧಾರಿಯಾಗಿ, ಗಾಯಕಿಯಾಗಿ ಬಂದು ಬಹುಕಾಲವಾದರೂ ಮಾಸ್ತರಳಾಗಿ ಕುಳಿತ ನಿದರ್ಶನ ಅಪರೂಪ. ಅವಳ ಕಂಠದ ಕರಿ ನಾಲ್ಕು, ಕರಿ ಐದು ಪಟ್ಟಿಗಳು ಗಂಡಸರ ಮೇಳದಲ್ಲಿ ಕಲಿತ ವಾದಕರಿಗೆ ಕೈಗೆ ಸರಿಯಾಗಿ ಒಗ್ಗದವು. ಆದ್ದರಿಂದ ಊರ ನಾಟಕಕ್ಕೆ ಬರುವ ನಟಿಯರು ಹಲವು ಸಲ ತಮಗೆ ಒಗ್ಗಿದ ವಾದಕನನ್ನು ತಮ್ಮೊಡನೆಯೇ ಕರೆತರುತ್ತಾರೆ. ಆ ಪಟ್ಟಿಗಳು ಮನೆಯಲ್ಲಿಯೇ ಅಭ್ಯಾಸ ಮಾಡಿಕೊಂಡ ಹುಡುಗಿಯ ಬೆರಳಿಗೆ ಸಹಜವಾಗಿ ಬಂದಿರುತ್ತವೆ. ಸದ್ಯಕ್ಕೆ ಅವಳು ಅದನ್ನು ನುಡಿಸುವುದು ಶಾಲೆಯ ಬೆಳಗಿನ ಪ್ರಾರ್ಥನೆಗೆ, ಶರಣರ ಜಯಂತಿಯ ದಿನ ಸಭೆಯ ಸ್ವಾಗತಗೀತೆಗೆ.